ಧೂಮಪಾನ ಬಿಟ್ಟ ಮೊದಲ ದಿನಗಳು

ಬೀಡಿ, ಸಿಗರೇಟು ಕೇಡೆಂಬುದನ್ನು ಸೇದುವವರಿಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ನಮ್ಮಲ್ಲಿಗೆ ಚಿಕಿತ್ಸೆಗೆ ಬರುವವರಲ್ಲಿ ಹಲವರು ನಾಲ್ಕಾರು ಸಲ ಬಿಟ್ಟವರೇ ಆಗಿರುತ್ತಾರೆ. ಶ್ರಾವಣ ಸೋಮವಾರ ಸಂಕಲ್ಪ ಮಾಡಿ ಗುರುವಾರ ಮತ್ತೆ ಬೀಡಿ ಹಚ್ಚಿ, ‘ನನ್ನ ಮನಸ್ಸೇ ಗಟ್ಟಿಯಿಲ್ಲ’ ಎಂದು ತಲೆ ತಗ್ಗಿಸುತ್ತಾರೆ. ಅಂಥವರು ಮೊದಲು ಅರಿಯಬೇಕಾದುದು, ಆ ಮೂರು ದಿನಗಳಲ್ಲಿ ದೇಹದೊಳಗೆ ನಡೆಯುವುದೇನು ಎಂಬುದನ್ನು.

ಕೊನೆಯ ಬೀಡಿಯ ನಂತರ ಒಂದೆರಡು ದಿನಗಳಲ್ಲೇ ರಕ್ತದಲ್ಲಿನ ಇಂಗಾಲದ ಮಾನಾಕ್ಸೈಡ್ ಇಳಿದು, ಪ್ರಾಣವಾಯುವಿನ ಸಂಚಾರ ಸುಧಾರಿಸುತ್ತದೆ. ಅದೇ ಹೊತ್ತಿಗೆ ನಿಕೋಟಿನ್ ದೇಹದಿಂದ ಹೊರಹೋಗುತ್ತಿರುತ್ತದೆ. ಅದಕ್ಕೆ ಒಗ್ಗಿಹೋದ ಮಿದುಳು ಹಟ ಹಿಡಿಯುತ್ತದೆ. ಸಿಡುಕು, ತಲೆನೋವು, ನಿದ್ರಾಭಂಗ, ಮಲಬದ್ಧತೆ, ಅತಿ ಹಸಿವು ಕಾಣಿಸಿಕೊಳ್ಳುವುದು ಇದರಿಂದಲೇ. ಎರಡನೆಯ, ಮೂರನೆಯ ದಿನ ಇವು ಉಲ್ಬಣಿಸಿ, ಎರಡರಿಂದ ನಾಲ್ಕು ವಾರಗಳಲ್ಲಿ ಶಮನವಾಗುತ್ತವೆ. ಕೆಲವರಿಗೆ ಕೆಮ್ಮು, ಕಫ ಹೆಚ್ಚುವುದುಂಟು. ಶ್ವಾಸನಾಳವು ತನ್ನನ್ನು ತಾನು ಶುಚಿಗೊಳಿಸಿಕೊಳ್ಳುತ್ತಿರುವ ಲಕ್ಷಣವದು. ‘ಬಿಟ್ಟ ಮೇಲೆಯೇ ಆರೋಗ್ಯ ಕೆಟ್ಟಿತು’ ಎಂದು ಭ್ರಮಿಸಿ ಮತ್ತೆ ಹಚ್ಚಬಾರದು.

‘ಚರಕಸಂಹಿತೆಯಲ್ಲೇ ಧೂಮಪಾನವಿದೆಯಲ್ಲ?’ ಎಂದು ನಮ್ಮನ್ನು ಕೇಳುವವರುಂಟು. ಅಲ್ಲಿ ಹೇಳಿರುವುದು ಔಷಧಿದ್ರವ್ಯಗಳ ಧೂಮವನ್ನು, ಅದೂ ನಿಯತ ಕಾಲದಲ್ಲಿ. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ ನಮ್ಮ ನಾಡಿಗೆ ಬಂದದ್ದು. ಚರಕರು ಅದನ್ನು ಕಂಡವರೇ ಅಲ್ಲ.

ಚರಕರು ನಿಜವಾಗಿ ನಮಗೆ ನೆರವಾಗುವುದು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ. ಅಹಿತವಾದ ಅಭ್ಯಾಸವನ್ನು ಕಾಲು ಕಾಲು ಭಾಗವಾಗಿ ಬಿಡುತ್ತ, ಅಷ್ಟಷ್ಟೇ ಹಿತವಾದುದನ್ನು ರೂಢಿಸಿಕೊಳ್ಳಬೇಕೆಂಬುದು ಅಲ್ಲಿನ ಕ್ರಮ. ಬಿಡುವ ಮಾತನ್ನು ಎಲ್ಲರೂ ಆಡುತ್ತಾರೆ, ರೂಢಿಸಿಕೊಳ್ಳುವ ಮಾತನ್ನು ಮರೆಯುತ್ತಾರೆ. ಒಮ್ಮೆಗೇ ಬಿಟ್ಟವರಿಗೂ ಈ ಮಾತು ಸಲ್ಲುತ್ತದೆ. ಬೀಡಿ ಬಿಟ್ಟ ಹೊತ್ತು ಬರಿದಾಗಿ ಉಳಿಯಬಾರದು.

ಬೆಳಗ್ಗೆ ಬೀಡಿಯಿಲ್ಲದೆ ಶೌಚವಾಗದು ಎನ್ನುವವರು ಎದ್ದೊಡನೆ ಎರಡು ಲೋಟ ಬಿಸಿನೀರು ಕುಡಿಯಲಿ; ರಾತ್ರಿ ಮಲಗುವಾಗ ವೈದ್ಯರು ಹೇಳಿದ ಪ್ರಮಾಣದಲ್ಲಿ ತ್ರಿಫಲಾ ಚೂರ್ಣ ಸೇವಿಸಲಿ. ಊಟದ ನಂತರ ಏಲಕ್ಕಿ ಅಥವಾ ಸೋಂಪನ್ನು ಅಗಿದು ನೂರು ಹೆಜ್ಜೆ ನಡೆಯಲಿ. ಹೊಲದ ಬದುವಿನಲ್ಲಿ ದಣಿವಾರಿಸಿಕೊಳ್ಳುವಾಗ ಮಜ್ಜಿಗೆ ಇರಲಿ. ಚಹಾವನ್ನು ಅರ್ಧಕ್ಕೆ ಇಳಿಸುವುದು ಲೇಸು: ಧೂಮಪಾನ ನಿಂತ ಮೇಲೆ ಅದರ ಉತ್ತೇಜಕಾಂಶ ದೇಹದಲ್ಲಿ ಹೆಚ್ಚು ಹೊತ್ತು ಉಳಿದು, ಚಡಪಡಿಕೆಯನ್ನೂ ನಿದ್ರಾಭಂಗವನ್ನೂ ಹೆಚ್ಚಿಸುತ್ತದೆ. ಬೀಡಿಯ ಬದಲು ಗುಟ್ಕಾ, ಕಡ್ಡಿಪುಡಿ, ನಶ್ಯ ಹಿಡಿಯುವುದು ಅದೇ ವಿಷವನ್ನು ಬೇರೆ ಬಾಗಿಲಿನಿಂದ ಕರೆದಂತೆ.

ಸೇದಬೇಕೆಂಬ ತವಕ ಎಷ್ಟೇ ತೀವ್ರವಾಗಿದ್ದರೂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕುಳಿತ ಜಾಗದಿಂದ ಎದ್ದು, ಮುಖ ತೊಳೆದು, ನಿಧಾನವಾಗಿ ಹತ್ತು ಸಲ ಉಸಿರಾಡಿದರೆ ಅಲೆ ದಾಟಿಹೋಗುತ್ತದೆ.

ಮನೆಯವರಿಗೂ ಒಂದು ವಿನಂತಿ. ಈ ದಿನಗಳಲ್ಲಿ ಆತ ಸಿಡುಕಿದರೆ ಅದು ನಿಮ್ಮ ಮೇಲಿನ ಕೋಪವೆಂದು ತಿಳಿಯಬೇಡಿ. ‘ನಿನ್ನಿಂದಾಗದು’ ಎಂಬ ಮಾತು ಮನೆಯಲ್ಲಿ ಕೇಳದಿರಲಿ. ಬೆಂಕಿಪೊಟ್ಟಣ, ಬೀಡಿಕಟ್ಟುಗಳು ಕಣ್ಣಿಗೆ ಬೀಳದಿರಲಿ. ಅಕಸ್ಮಾತ್ ಒಂದು ಬೀಡಿ ಸೇದಿದರೆ ವ್ರತವೇ ಭಂಗವಾಯಿತೆಂದು ಕಟ್ಟನ್ನೇ ಮುಗಿಸುವುದು ಬೇಡ. ಎಡವಿದವನು ಎದ್ದು ಮುಂದಕ್ಕೆ ನಡೆಯುತ್ತಾನೆಯೇ ಹೊರತು, ಹೊರಟ ಊರಿಗೆ ಹಿಂದಿರುಗುವುದಿಲ್ಲ.

ಎದೆನೋವು, ಕಫದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಮೀರಿದ ಕೆಮ್ಮಿಗೂ ತಪಾಸಣೆ ಅಗತ್ಯ. ಮಧುಮೇಹ, ಉಬ್ಬಸ, ಮಾನಸಿಕ ಕಾಯಿಲೆಗಳಿಗೆ ಔಷಧಿ ಸೇವಿಸುತ್ತಿರುವವರು ಬಿಡುವ ವಿಷಯವನ್ನು ತಮ್ಮ ವೈದ್ಯರಿಗೆ ತಿಳಿಸಲಿ. ಕೆಲವು ಔಷಧಿಗಳ ಪ್ರಮಾಣ ಬದಲಿಸಬೇಕಾಗಬಹುದು. ತವಕ ತಡೆಯಲಾಗದವರು ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಿದರೆ ತಪ್ಪಿಲ್ಲ. ಸರ್ಕಾರದ ಉಚಿತ ಸಹಾಯವಾಣಿಯೂ ಇದೆ: 1800-11-2356.

ಒಂದು ವರ್ಷ ದೂರವಿದ್ದರೆ, ಧೂಮಪಾನದಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಅರ್ಧದಷ್ಟು ತಗ್ಗುತ್ತದೆ. ಆ ವರ್ಷದ ಅತಿ ಕಡಿದಾದ ಏರು ಮೊದಲ ಮೂರು ದಿನಗಳಲ್ಲಿದೆ. ಅದನ್ನು ಹತ್ತುವವನ ಜೊತೆಗೆ ಮನೆಯವರೆಲ್ಲ ನಡೆಯಲೆಂಬುದು ನಮ್ಮ ಹಾರೈಕೆ.