ಕೇಕಿನ ಅಚ್ಚಿನಲ್ಲಿ ಮನೆಯ ಸಾಬೂನು: ತೂಕವೂ ಇರಲಿ, ತಾಳ್ಮೆಯೂ ಇರಲಿ

ಕಿರಾಣಿ ಅಂಗಡಿಯ ಬಿಲ್ಲಿನಲ್ಲಿ ಸಾಬೂನನ್ನು ಹಿಂದಿನಿಂದಲೂ ‘ಕೇಕ್’ ಲೆಕ್ಕದಲ್ಲೇ ಬರೆಯುತ್ತಾರೆ. ಸ್ನಾನದ ಸೋಪು ಮೂರು ಕೇಕ್, ಬಟ್ಟೆ ಸೋಪು ಎರಡು ಕೇಕ್. ಈಗ ಚೆನ್ನೈನ ನಮ್ಮವರ ಕೆಲವು ಮನೆಗಳಲ್ಲಿ ಆ ಮಾತು ನಿಜವೇ ಆಗಿಬಿಟ್ಟಿದೆ. ಗುಲಾಬಿ, ಶಂಖ, ಕಪ್ ಕೇಕ್ ಆಕಾರದ ಅಚ್ಚುಗಳಲ್ಲಿ ಹೆಂಗಸರು ಸಾಬೂನು ಎರೆಯುತ್ತಿದ್ದಾರೆ. ಎಗ್ಮೋರ್‌ನಲ್ಲಿ ನಾವಿರುವ ಕಟ್ಟಡವೊಂದರಲ್ಲೇ ಮೂರು ಮನೆಗಳಲ್ಲಿ ಈ ಕೆಲಸ ನಡೆದಿದೆ, ಅದರಲ್ಲಿ ನಮ್ಮದೂ ಒಂದು. “ರೀ, ತಕ್ಕಡಿ ನೀವು ನೋಡಿಕೊಳ್ಳಿ” ಎಂದು ಮನೆಯಾಕೆ ಹೇಳಿದ್ದರಿಂದ ಬ್ಯಾಂಕಿನಿಂದ ಬಂದ ಮೇಲೆ ತೂಕದ ಕೆಲಸ ನನ್ನ ಪಾಲಿಗೆ.

ಸಾಬೂನಿನ ಮಾತು ಬಂದರೆ ಕನ್ನಡಿಗರಿಗೆ ಮೈಸೂರು ಸ್ಯಾಂಡಲ್ ನೆನಪಾಗದೆ ಇರುವುದಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗಬೇಕಾದ ಶ್ರೀಗಂಧದ ಕೊರಡುಗಳು ಮೈಸೂರು ಸಂಸ್ಥಾನದಲ್ಲೇ ಉಳಿದುಬಿಟ್ಟವು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸುಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಗಂಧದೆಣ್ಣೆ ತೆಗೆಯುವ ಪ್ರಯೋಗ ಮಾಡಿದರು. 1916ರಲ್ಲಿ ಎಣ್ಣೆಯ ಉದ್ಯಮ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲ ಅದು. ಸಾಬೂನಿನ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೆ ಕಳಿಸಿದರು. ಒಬ್ಬ ಮನುಷ್ಯನನ್ನು ಹಡಗು ಹತ್ತಿಸಿ ಕಳಿಸುವಷ್ಟು ವಿದ್ಯೆ ಇದರಲ್ಲಿದೆ ಎಂಬುದನ್ನು, ಮಧ್ಯಾಹ್ನ ಬಿಡುವಿದೆ ಎಂದು ಒಲೆಯ ಪಕ್ಕ ಕಾಸ್ಟಿಕ್ ಸೋಡಾ ಡಬ್ಬ ತೆರೆಯುವವರು ಗಮನಿಸಬೇಕು.

ಅಡುಗೆಯಲ್ಲಿ ಕಣ್ಣಳತೆ, ಕೈಯಳತೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಎಣ್ಣೆಯೂ ಕಾಸ್ಟಿಕ್ ಸೋಡಾವೂ ಸೇರಿ ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ. ಆದರೆ ಪ್ರತಿ ಎಣ್ಣೆಗೂ ಬೇಕಾಗುವ ಸೋಡಾ ಬೇರೆ ಬೇರೆ. ಕೊಬ್ಬರಿ ಎಣ್ಣೆ 100 ಗ್ರಾಂಗೆ ಸುಮಾರು 18.3 ಗ್ರಾಂ, ಕಡಲೆಕಾಯಿ ಎಣ್ಣೆಗೆ 13.6, ಹರಳೆಣ್ಣೆಗೆ 12.8. ನಮ್ಮ ಮನೆಯ ಲೆಕ್ಕ ಹೀಗೆ: ಕೊಬ್ಬರಿ ಎಣ್ಣೆ 250 ಗ್ರಾಂ, ಕಡಲೆಕಾಯಿ ಎಣ್ಣೆ 200, ಹರಳೆಣ್ಣೆ 50. ಕೂಡಿದರೆ 79 ಗ್ರಾಂ ಚಿಲ್ಲರೆ ಸೋಡಾ ಬರುತ್ತದೆ. ಅಷ್ಟನ್ನೂ ಹಾಕುವುದಿಲ್ಲ. ನೂರಕ್ಕೆ ಐದರಷ್ಟು ಕಳೆದು 75 ಗ್ರಾಂ ಹಾಕುತ್ತೇವೆ, ನೀರು 150 ಗ್ರಾಂ. ಹೀಗೆ ಕಳೆದರೆ ಸ್ವಲ್ಪ ಎಣ್ಣೆ ಸಾಬೂನಿನಲ್ಲಿ ಉಳಿದು ಚರ್ಮ ಒಣಗುವುದಿಲ್ಲ. ಸೋಡಾ ಹೆಚ್ಚಾಯಿತೋ, ಆ ಸಾಬೂನು ಮೈಯನ್ನೇ ಸುಡುತ್ತದೆ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಒಲೆಯೇ ಇಲ್ಲದೆ ಆ ನೀರು ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್, ತೆರೆದ ಕಿಟಕಿ ಮೂರೂ ಬೇಕು. ಚರ್ಮಕ್ಕೆ ತಾಗಿದರೆ ನಿಂಬೆರಸ, ವಿನೆಗರ್ ಎಂದು ಹುಡುಕದೆ ಕೂಡಲೇ ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಓಡಬೇಕು.

ಕೇಕಿನ ಅಚ್ಚಿನ ವಿಷಯದಲ್ಲೇ ಹಲವರು ಎಡವುತ್ತಾರೆ. ಬೇಕರಿ ಸಾಮಾನಿನ ಅಂಗಡಿಯ ಕೇಕ್ ಟಿನ್‌ಗಳು ಬಹುಪಾಲು ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಹೊರಬರುತ್ತದೆ. ಕಲಸಲು ಸ್ಟೀಲ್ ಪಾತ್ರೆ, ಎರೆಯಲು ಸಿಲಿಕೋನ್ ಅಚ್ಚು ಸರಿ. ಒಮ್ಮೆ ಸಾಬೂನಿಗೆ ಬಳಸಿದ ಅಚ್ಚಿನಲ್ಲಿ ಮತ್ತೆ ಮೊಮ್ಮಗನ ಹುಟ್ಟುಹಬ್ಬದ ಕೇಕು ಬೇಡ.

ಎಣ್ಣೆ ಮತ್ತು ಸೋಡಾ ನೀರು ಎರಡೂ 40 ಡಿಗ್ರಿ ಹತ್ತಿರಕ್ಕೆ ಇಳಿದ ಮೇಲೆ ಬೆರೆಸಿ, ದೋಸೆ ಹಿಟ್ಟಿನ ಹದ ಬರುವವರೆಗೆ ಕಲಸಿ ಎರೆಯಬೇಕು. ಬಣ್ಣಕ್ಕೆ ಅರಿಸಿನ ಹಾಕುವವರು ಮೊದಲ ಬಾರಿ ಗಾಬರಿಯಾಗುತ್ತಾರೆ, ಹಳದಿ ಹೋಗಿ ಕೆಂಪು ತಿರುಗುತ್ತದೆ! ಆರತಿ ನೀರಿಗೆ ಅರಿಸಿನದ ಜೊತೆ ಸುಣ್ಣ ಕದಡುವ ನಮ್ಮ ಹೆಂಗಸರಿಗೆ ಇದರ ಗುಟ್ಟು ಹೊಸದೇನಲ್ಲ. ಕ್ಷಾರ ತಗ್ಗುತ್ತ ಬಂದಂತೆ ಬಣ್ಣವೂ ಹಳದಿಯ ಕಡೆಗೆ ಮರಳುತ್ತದೆ.

ಕೊಬ್ಬರಿ ಎಣ್ಣೆಯನ್ನೇ ಹೆಚ್ಚು ಹಾಕುವುದಕ್ಕೆ ಚೆನ್ನೈನಲ್ಲಿ ಕಾರಣವಿದೆ. ಇಲ್ಲಿಯ ಬೋರ್ ನೀರು ಗಡಸು. ಸುಣ್ಣದಂಶವಿರುವ ನೀರಿನಲ್ಲಿ ಸಾಬೂನು ನೊರೆ ಬಿಡದೆ ಜಿಡ್ಡುಗಟ್ಟುತ್ತದೆ. ಕೊಬ್ಬರಿ ಎಣ್ಣೆಯ ಸಾಬೂನು ಸಮುದ್ರದ ನೀರಿನಲ್ಲೂ ನೊರೆ ಕೊಡುತ್ತದೆ, ಹಡಗಿನವರು ಅದನ್ನೇ ಬಳಸುತ್ತಿದ್ದರು. ಆದರೆ 2025ರಲ್ಲಿ ಕೊಬ್ಬರಿ ಎಣ್ಣೆಯ ಬೆಲೆ ಏರಿದ್ದನ್ನು ಎಲ್ಲರೂ ಕಂಡಿದ್ದೇವೆ. ಹಣ ಉಳಿಯುತ್ತದೆ ಎಂದು ಯಾರೂ ಶುರು ಮಾಡಬೇಡಿ. ನಾನು ಖರ್ಚು ಬರೆದಿಟ್ಟು ನೋಡಿದ್ದೇನೆ, ಉಳಿಯುವುದಿಲ್ಲ.

ಸೋಡಾ ಮುಟ್ಟಲು ಅಂಜುವವರಿಗೆ ‘ಸೋಪ್ ಬೇಸ್’ ಸಿಗುತ್ತದೆ. ಕತ್ತರಿಸಿ, ಕರಗಿಸಿ, ಅಚ್ಚಿಗೆ ಎರೆದರೆ ಮುಗಿಯಿತು. ಇದು ಸಾಬೂನು ಮಾಡಿದಂತಲ್ಲ, ಮಾಡಿದ ಸಾಬೂನಿಗೆ ರೂಪ ಕೊಟ್ಟಂತೆ, ಆದರೂ ಮಕ್ಕಳೊಡನೆ ಕೂತು ಮಾಡಲು ಚೆನ್ನ. ಕೆನೆ, ಚೆರ್ರಿ ಎಲ್ಲ ಇಟ್ಟು ಥೇಟ್ ಕಪ್ ಕೇಕಿನಂತೆ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪರಿಚಿತರ ಮನೆಯ ಗೃಹಪ್ರವೇಶದಲ್ಲಿ ತಾಂಬೂಲದ ಚೀಲದೊಳಗೆ ಇಂಥದೊಂದಿತ್ತು. ಮೂರು ವರ್ಷದ ಮಗು ಕಚ್ಚಿಯೇಬಿಟ್ಟಿತು. ಕೂಡಲೇ ಉಗುಳಿಸಿ ಬಾಯಿ ತೊಳೆಸಿದರು, ಅಪಾಯವಾಗಲಿಲ್ಲ. ಅದು ಎರೆದು ಎರಡು ದಿನವಾದ ಸೋಡಾ ಸಾಬೂನಾಗಿದ್ದರೆ? ಕೇಕಿನ ಅಚ್ಚಿನಲ್ಲಿ ಎರೆದರೂ ಸಾಬೂನು ಸಾಬೂನಿನಂತೆಯೇ ಕಾಣಲಿ.

ರಾಜ್ಯೋತ್ಸವದ ಮಳಿಗೆಯಲ್ಲಿ ಮಾರಬಹುದೇ ಎಂದು ಸಂಘದ ಕೆಲವು ಮಹಿಳೆಯರು ಕೇಳಿದ್ದಾರೆ. ಮನೆಮಂದಿಗೆ ಮಾಡಿಕೊಂಡರೆ ಕೇಳುವವರಿಲ್ಲ. ಮಾರಲು ತಯಾರಿಸಿದರೆ ಸ್ನಾನದ ಸಾಬೂನು ಸೌಂದರ್ಯ ಸಾಧನಗಳ ಕಾನೂನಿಗೆ ಒಳಪಡುತ್ತದೆ. 2020ರ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್ ಬೇಕು. ‘ಮನೆಯಲ್ಲಿ ಮಾಡಿದ್ದು’ ಎಂಬ ಚೀಟಿ ಲೈಸೆನ್ಸ್ ಆಗುವುದಿಲ್ಲ. ಸಂಘದ ಹೆಸರಿನಲ್ಲಿ ಮೇಜು ಹಾಕುವ ಮುನ್ನ ಪದಾಧಿಕಾರಿಗಳು ಇದನ್ನು ವಿಚಾರಿಸುವುದು ಒಳ್ಳೆಯದು.

ಅಚ್ಚಿನಿಂದ ಒಂದೆರಡು ದಿನಕ್ಕೆ ಬಿಡಿಸಿದರೂ ಸಾಬೂನನ್ನು ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಒಣಗಿಸಬೇಕು. ನೀರು ಆರಿ ತೂಕ ಇಳಿಯುತ್ತದೆ, ಗಟ್ಟಿಯಾಗುತ್ತದೆ. ದೀಪಾವಳಿಯ ಅಭ್ಯಂಜನಕ್ಕೆ ಬೇಕೆನ್ನುವವರು ಗಣೇಶನ ಹಬ್ಬ ಮುಗಿದ ವಾರವೇ ಎರೆದಿಡಬೇಕು. ವಿಜಯದಶಮಿಗೆ ಶುರು ಮಾಡಿದರೆ ಆ ವರ್ಷಕ್ಕೆ ಅಂಗಡಿಯ ಸೋಪೇ ಗತಿ.