ನಂಬುವಂಥ ವಿಲನ್ ಕಟ್ಟೋದು ಹೇಗೆ? ನಾಗಪುರದ ಮಾರ್ಬತ್ ಹೇಳಿಕೊಟ್ಟ ಪಾಠ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬಲ್ಲಿ ಕೂತು ಓದ್ಕೋತೀವಿ ಅನ್ನೋರಿಗೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ನನ್ನ ತೊದಲು ತೆಗೆದಿದ್ದೀನಿ, ಉಳಿದದ್ದು ಹಾಗೇ ಇದೆ.

ನಾಗಪುರಕ್ಕೆ ಬಂದ ಮೇಲೆ ಭಾನುವಾರ ಸಂಜೆ ನಾವು ಐದು ಜನ ಕನ್ನಡದವರು ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ: 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬ ಕಥೆ ನಡೆಸ್ತಾನೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ, ಗೆದ್ದರಾ ಸೋತರಾ ಅನ್ನೋದನ್ನ ದಾಳ ಹೇಳುತ್ತೆ. ನಮ್ಮಲ್ಲಿ ಕಥೆ ನಡೆಸೋನು ನಾನು.

ನನ್ನ ಮೊದಲ ವಿಲನ್ ಒಬ್ಬ ಮಾಂತ್ರಿಕ. ಕಪ್ಪು ಕೋಟೆ, ಕೆಂಪು ಕಣ್ಣು, ಹಳ್ಳಿ ಸುಡೋದು, ಗಹಗಹಿಸಿ ನಗೋದು. ಮೂರು ತಿಂಗಳು ಕಷ್ಟಪಟ್ಟು ಕಟ್ಟಿದ್ದೆ. ಕೊನೆಯ ದಿನ ನಮ್ಮ ಹುಬ್ಬಳ್ಳಿ ಹುಡುಗ ಮೊಬೈಲ್‌ನಿಂದ ತಲೆ ಎತ್ತದೆ ಕೇಳಿದ: "ಅಣ್ಣಾ, ಇಂವಾ ಎಲ್ಲಾ ಊರು ಸುಟ್ರ, ನಾಳಿಗೆ ತೆರಿಗಿ ಯಾರ್ ಕೊಡ್ತಾರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರೂ ನಕ್ಕರು. ಆ ಮಾಂತ್ರಿಕನನ್ನ ಹತ್ತು ನಿಮಿಷದಲ್ಲಿ ಕೊಂದು ಪಿಜ್ಜಾ ಆರ್ಡರ್ ಮಾಡಿದರು.

ಉತ್ತರ ಸಿಕ್ಕಿದ್ದು ಇತವಾರಿಯ ಬೀದಿಯಲ್ಲಿ.

ಇಲ್ಲಿ ಪೋಳಾ ಅಂತ ಎತ್ತಿನ ಹಬ್ಬ ಇದೆ. ಮರುದಿನ ತಾನ್ಹಾ ಪೋಳಾ, ಮಕ್ಕಳು ಮರದ ಎತ್ತು ಎಳ್ಕೊಂಡು ಹೋಗ್ತಾರೆ. ನಮ್ಮ ಮಣ್ಣೆತ್ತಿನ ಅಮಾವಾಸ್ಯೆ ನೆನಪಾಗುತ್ತೆ. ಅದೇ ದಿನ ಹಳೇ ನಾಗಪುರದಲ್ಲಿ ಮಾರ್ಬತ್ ಮೆರವಣಿಗೆ. ಕಪ್ಪು ಮಾರ್ಬತ್, ಹಳದಿ ಮಾರ್ಬತ್ ಅಂತ ಎರಡು ದೊಡ್ಡ ಹೆಣ್ಣು ಗೊಂಬೆಗಳು. ಕಪ್ಪನೆಯದು 1881ರಿಂದ, ಹಳದಿಯದು 1885ರಿಂದ ಹೊರಡ್ತಾ ಬಂದಿದೆ. ಜೊತೆಗೆ ಬಡ್ಗ್ಯಾ ಅನ್ನೋ ಗಂಡು ಗೊಂಬೆಗಳು, ಇವು ವರ್ಷ ವರ್ಷ ಬದಲಾಗ್ತವೆ: ಬೆಲೆ ಏರಿಕೆ, ಭ್ರಷ್ಟಾಚಾರ, ಆ ವರ್ಷ ಜನಕ್ಕೆ ಏನು ಉರಿದಿದೆಯೋ ಅದು. ರೋಗ, ಪೀಡೆ ಎಲ್ಲಾ ತಗೊಂಡು ಹೋಗು ಅಂತ ಕೂಗಿ, ಕೊನೆಗೆ ಸುಟ್ಟುಬಿಡ್ತಾರೆ.

ಕಪ್ಪು ಗೊಂಬೆಯನ್ನ ಪೂತನಿ ಅನ್ನೋರೂ ಇದ್ದಾರೆ. ಆದರೆ ಅದು ಬಾಕಾಬಾಯಿ ಅನ್ನೋರೇ ಜಾಸ್ತಿ. ಬ್ರಿಟಿಷರ ಜೊತೆ ಕೈ ಜೋಡಿಸಿದ ಭೋಸಲೆ ಮನೆತನದ ರಾಣಿ ಆಕೆ.

ನಾನು ಮನೆಗೆ ಬಂದು ಆಕೆಯ ಬಗ್ಗೆ ಓದಿದೆ. ಎರಡನೇ ರಘೂಜಿ ಭೋಸಲೆಯ ಹೆಂಡತಿ. 1816ರಲ್ಲಿ ಗಂಡ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ಪರಸೋಜಿಗೆ ಮೈಯಲ್ಲಿ ಶಕ್ತಿ ಇಲ್ಲ, ಆಳೋ ಸ್ಥಿತಿ ಇಲ್ಲ. ಅಧಿಕಾರ ಬಾಕಾಬಾಯಿಯ ಕೈತಪ್ಪಿ ಸೋದರಸಂಬಂಧಿ ಅಪ್ಪಾ ಸಾಹೇಬನಿಗೆ ಹೋಯ್ತು. 1817ರ ಮೊದಲ ತಿಂಗಳುಗಳಲ್ಲೇ ಪರಸೋಜಿಯ ಕೊಲೆ, ಅನುಮಾನ ಅಪ್ಪಾ ಸಾಹೇಬನ ಮೇಲೆ. ಅದೇ ನವೆಂಬರಿನಲ್ಲಿ ಅಪ್ಪಾ ಸಾಹೇಬ ಸೀತಾಬರ್ಡಿ ಗುಡ್ಡದಲ್ಲಿ ಬ್ರಿಟಿಷರ ಮೇಲೆ ಯುದ್ಧ ಮಾಡಿ ಸೋತ. ರೈಲ್ವೆ ಸ್ಟೇಷನ್ ಹತ್ತಿರ ಕೋಟೆ ಕಾಣುತ್ತಲ್ಲ, ಅದೇ ಗುಡ್ಡ. ಮುಂದಿನ ವರ್ಷ ಅವನನ್ನ ಇಳಿಸಿ ಒಬ್ಬ ಹುಡುಗನನ್ನ ಮೂರನೇ ರಘೂಜಿ ಅಂತ ಪಟ್ಟಕ್ಕೆ ಕೂರಿಸಿದರು. ಹುಡುಗನ ಪರವಾಗಿ ಅರಮನೆ ನೋಡ್ಕೊಂಡವಳು ಬಾಕಾಬಾಯಿ, ರಾಜ್ಯ ನಡೆಸಿದವನು ಬ್ರಿಟಿಷ್ ರೆಸಿಡೆಂಟ್.

ಈಗ ಬೀದಿಯ ಕಣ್ಣಲ್ಲಿ ನೋಡಿ: ಅಪ್ಪಾ ಸಾಹೇಬ ಪರಂಗಿಯವರ ಮೇಲೆ ಕತ್ತಿ ಎತ್ತಿದ ವೀರ, ಆಕೆ ದ್ರೋಹಿ. ಆಕೆಯ ಕಿಟಕಿಯಿಂದ ನೋಡಿ: ಮನೆಯ ಹುಡುಗನನ್ನ ಕೊಂದ ಅನುಮಾನ ಹೊತ್ತವನು ಆ ವೀರ. ಇನ್ನೊಂದು ಮಗು ಮಡಿಲಲ್ಲಿದೆ. ಮಗುವನ್ನ ಉಳಿಸೋಕೆ ಶಕ್ತಿ ಇರೋನು ಹೊರಗಿನವನು ಒಬ್ಬನೇ. ನೀವಾಗಿದ್ರೆ ಏನು ಮಾಡ್ತಿದ್ರಿ?

ಹಾಗಂತ ಆಕೆಗೆ ಖುಲಾಸೆ ಕೊಡ್ತಿಲ್ಲ. ಬೆಲೆ ಕಟ್ಟಿದ್ದು ಊರು. 1853ರಲ್ಲಿ ಮೂರನೇ ರಘೂಜಿ ಗಂಡುಮಕ್ಕಳಿಲ್ಲದೆ ಸತ್ತ, 1854ರಲ್ಲಿ ಡಾಲ್‌ಹೌಸಿ ರಾಜ್ಯವನ್ನೇ ನುಂಗಿದ, ಅರಮನೆಯ ಆನೆ, ಕುದುರೆ, ಒಡವೆ ಹರಾಜಾದವು. ಯಾವ ಮನೆಯನ್ನ ಉಳಿಸೋಕೆ ಕೈ ಜೋಡಿಸಿದಳೋ ಆ ಮನೆಯ ಆಳ್ವಿಕೆಯನ್ನ ಅದೇ ಕೈ ಮುಗಿಸಿತು.

ನೋಡಿ, ನನ್ನ ಮಾಂತ್ರಿಕನಲ್ಲಿ ಇಲ್ಲದೇ ಇದ್ದದ್ದು ಇದೇ. ಅವನಿಗೆ ಕಳ್ಕೊಳ್ಳೋಕೆ ಏನೂ ಇರಲಿಲ್ಲ. ವಿಲನ್ ಕಾಪಾಡ್ತಿರೋ ವಸ್ತು ಪ್ಲೇಯರ್‌ಗಳೂ ಕಾಪಾಡಬೇಕು ಅನ್ನೋ ಥರದ್ದಾಗಿರಬೇಕು: ಮಗು, ಊರು, ಕೊಟ್ಟ ಮಾತು. ಕೆಟ್ಟತನ ಬರೋದು ಬೇರೆ ಕಡೆಯಿಂದ, ಅದರ ಬೆಲೆಯನ್ನ ಅವನು ಯಾರ ಹತ್ತಿರ ಕಟ್ಟಿಸ್ತಾನೆ ಅನ್ನೋದರಿಂದ. ಆ ಬೆಲೆ ತೆತ್ತವರಿಗೆ ಕಥೆಯಲ್ಲಿ ಮುಖ ಇರಲೇಬೇಕು. ಇಲ್ಲದಿದ್ರೆ ಪ್ಲೇಯರ್‌ಗಳು ವಿಲನ್‌ಗೆ ಅಯ್ಯೋ ಪಾಪ ಅಂದು ಟೀ ಕುಡೀತಾರೆ.

ಕನ್ನಡದವರಿಗೆ ಇದು ಹೊಸದೇನಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೀತಾ ಅಭಿಮನ್ಯುವಿನ ಶವದ ಮುಂದೆ ನಿಂತು ಶತ್ರುವಿನ ಮಗನನ್ನೇ ಹೊಗಳ್ತಾನೆ. ನಾಗಚಂದ್ರನ ರಾವಣ ಇನ್ನೂ ಹತ್ತಿರದ ಪಾಠ. ಸೀತೆಯ ನಿಷ್ಠೆ ನೋಡಿ ಅವನ ಮನಸ್ಸು ತಿರುಗುತ್ತೆ, ವಾಪಸ್ ಕೊಡಬೇಕು ಅನಿಸುತ್ತೆ. ಆದರೆ ಈಗಲೇ ಕೊಟ್ರೆ ಹೆದರಿದ ಅಂತಾರೆ. ಮೊದಲು ಯುದ್ಧ ಗೆಲ್ತೀನಿ, ಆಮೇಲೆ ಕೊಡ್ತೀನಿ ಅಂತ ಹೊರಡ್ತಾನೆ. ತಪ್ಪು ಗೊತ್ತು, ಮರ್ಯಾದೆ ಬಿಡ್ತಿಲ್ಲ! ಪ್ರೊಡಕ್ಷನ್‌ನಲ್ಲಿ ಬಗ್ ಇದೆ ಅಂತ ಗೊತ್ತಿದ್ದೂ ರೋಲ್‌ಬ್ಯಾಕ್ ಮಾಡದ ಮ್ಯಾನೇಜರ್ ಎಲ್ಲರೂ ನೋಡಿದ್ದೀವಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್ ಪುಸ್ತಕದಲ್ಲೂ ರಾಕ್ಷಸ ಇದ್ದಾನೆ, ಹುಲಿ ತಲೆ, ಅಂಗೈ ಹಿಂದಕ್ಕೆ ತಿರುಗಿದೆ. ಚಿತ್ರ ಚೆನ್ನಾಗಿದೆ. ಈ ಸಂಕಟ ಮಾತ್ರ ಅದರಲ್ಲಿಲ್ಲ.

ಇನ್ನೊಂದು ಸಣ್ಣ ವಿಷಯ: ವಿಲನ್‌ನನ್ನ ಕೊನೆಯ ಸೆಷನ್‌ವರೆಗೂ ಬಚ್ಚಿಡಬೇಡಿ. ಎರಡನೇ ಸೆಷನ್‌ನಲ್ಲೇ ಊಟಕ್ಕೆ ಕೂರಿಸಿ, ಏನಾದ್ರೂ ಒಂದು ಉಪಕಾರ ಮಾಡಿಸಿ. ಋಣ ಇದ್ರೆ ಕತ್ತಿ ಭಾರ ಆಗುತ್ತೆ.

ಈ ಸಲದ ನನ್ನ ವಿಲನ್ ಒಬ್ಬ ಅಜ್ಜಿ. ಮೊಮ್ಮಗನ ಪಟ್ಟ ಉಳಿಸೋಕೆ ನದಿಯಾಚೆಯ ಸೈನ್ಯಕ್ಕೆ ಮೂರು ಹಳ್ಳಿಯ ನೀರು ಬರೆದುಕೊಟ್ಟಿದ್ದಾಳೆ. ಆ ಹಳ್ಳಿಯೊಂದರ ಹುಡುಗಿ ಪ್ಲೇಯರ್‌ಗಳ ಜೊತೆಗೇ ನಡೀತಾಳೆ. ಹೋದ ಭಾನುವಾರ ಅವರು ಅಜ್ಜಿಯ ಕೋಣೆ ತಲುಪಿದರು. ಅಜ್ಜಿ ಓಡಲಿಲ್ಲ. ತೊಟ್ಟಿಲು ತೋರಿಸಿ ಕೇಳಿದಳು, "ನನ್ನನ್ನ ಕೊಂದ ಮೇಲೆ ಇವನನ್ನ ಯಾರು ಎತ್ಕೋತೀರಿ?"

ಹುಬ್ಬಳ್ಳಿ ಹುಡುಗ ಮೊಬೈಲ್ ಕೆಳಗಿಟ್ಟ. ರಾತ್ರಿ ಹನ್ನೊಂದೂವರೆವರೆಗೂ ಜಗಳ ನಡೀತು, ಮೇಲಿನ ಮನೆ ಕಾಕು ಬಂದು ಬಾಗಿಲು ಬಡಿದರು. ದಾಳ ಇನ್ನೂ ಉರುಳಿಸಿಲ್ಲ. ಈ ಭಾನುವಾರ ನೋಡಬೇಕು.