ವಿಶೇಷ ಅಗತ್ಯದ ಮಗು, ವಿದೇಶದ ಮಡಿಲು: ಕಾನೂನು ಹೇಳುವುದೇನು?

ಮೈಸೂರು: ಅಂಗವೈಕಲ್ಯ ಅಥವಾ ದೀರ್ಘಕಾಲದ ಕಾಯಿಲೆ ಇರುವ ಅನಾಥ ಮಗುವಿಗೆ ದೇಶದೊಳಗೆ ದತ್ತು ಪೋಷಕರು ದೊರೆಯುವುದು ಕಷ್ಟ. ವಿದೇಶದಲ್ಲಿ ದೊರೆತರೂ ಆ ಮನೆ ಸೇರುವ ಮುನ್ನ ಮಗು ಹಲವು ಕಚೇರಿಗಳ ಹೊಸ್ತಿಲು ದಾಟಬೇಕು. ಈ ನಿಯಮಗಳನ್ನು ಪ್ರಶ್ನಿಸಿ ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು.

ನಿಯಮಗಳ ಹಿನ್ನೆಲೆ

ದತ್ತು ಹೆಸರಿನಲ್ಲಿ ಮಕ್ಕಳನ್ನು ವಿದೇಶಕ್ಕೆ ಸಾಗಿಸುವ ಅಕ್ರಮಗಳ ಕುರಿತು ವಕೀಲ ಲಕ್ಷ್ಮೀಕಾಂತ ಪಾಂಡೆ 1982ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದನ್ನೇ ಅರ್ಜಿಯಾಗಿ ಪರಿಗಣಿಸಿದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ 1984ರಲ್ಲಿ ವಿವರವಾದ ಮಾರ್ಗಸೂಚಿ ನೀಡಿತು. 1990ರಲ್ಲಿ ಕೇಂದ್ರ ದತ್ತು ಸಂಸ್ಥೆ 'ಕಾರಾ' ಸ್ಥಾಪನೆಯಾಯಿತು. ಅಂತರದೇಶೀಯ ದತ್ತು ಕುರಿತ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. 2015ರ ಬಾಲನ್ಯಾಯ ಕಾಯ್ದೆ 'ಕಾರಾ'ಗೆ ಶಾಸನಬದ್ಧ ಸ್ಥಾನ ನೀಡಿತು.

ಮಗು ಸಾಗುವ ಹಾದಿ

ನಂಜನಗೂಡು ತಾಲ್ಲೂಕಿನ ಬದನವಾಳಿನಂತಹ ಗ್ರಾಮದಲ್ಲಿ ಪರಿತ್ಯಕ್ತ ಶಿಶು ಸಿಕ್ಕರೆ, ಪ್ರಯಾಣದ ಅವಧಿ ಹೊರತುಪಡಿಸಿ 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆತ್ತವರು ಪತ್ತೆಯಾಗದಿದ್ದರೆ ಸಮಿತಿಯು ಮಗುವನ್ನು ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುತ್ತದೆ. 2 ವರ್ಷದವರೆಗಿನ ಮಗುವಿಗೆ ಇದಕ್ಕೆ 2 ತಿಂಗಳು, ಅದಕ್ಕೂ ದೊಡ್ಡ ಮಗುವಿಗೆ 4 ತಿಂಗಳ ಗಡುವಿದೆ.

ಘೋಷಣೆಯಾದ 60 ದಿನಗಳಲ್ಲಿ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ದೊರೆಯದಿದ್ದರೆ ಮಗುವನ್ನು ವಿದೇಶೀಯರಿಗೆ ದತ್ತು ನೀಡಬಹುದು ಎನ್ನುತ್ತದೆ ಕಾಯ್ದೆಯ 59ನೇ ಕಲಂ. ವಿಕಲಚೇತನ ಮಕ್ಕಳು, ಒಡಹುಟ್ಟಿದವರು ಹಾಗೂ 5 ವರ್ಷ ಮೀರಿದವರಿಗೆ ಇದರಲ್ಲಿ ಆದ್ಯತೆ ಕೊಡಲು ಅವಕಾಶವಿದೆ. ವಿದೇಶಿ ದಂಪತಿ ತಮ್ಮ ದೇಶದ ಅಧಿಕೃತ ಸಂಸ್ಥೆಯ ಮೂಲಕವೇ ಅರ್ಜಿ ಸಲ್ಲಿಸಬೇಕು. 'ಕಾರಾ' ನಿರಾಕ್ಷೇಪಣಾ ಪತ್ರ ನೀಡಬೇಕು. ಅಂತಿಮ ಆದೇಶ ಹೊರಡಿಸುವ ಅಧಿಕಾರ 2022ರ ಸೆಪ್ಟೆಂಬರ್ 1ರಿಂದ ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿಗೆ ಸೇರಿದೆ. ಆಕ್ಷೇಪವಿದ್ದರೆ 30 ದಿನಗಳಲ್ಲಿ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು.

ಎರಡು ತೀರ್ಪುಗಳು

ಅಮೆರಿಕದ 53 ವರ್ಷದ ಅವಿವಾಹಿತ ಮಹಿಳೆಯೊಬ್ಬರು ದೆಹಲಿಯ ಅನಾಥ ಬಾಲಕಿಯೊಬ್ಬಳನ್ನು ದತ್ತು ಪಡೆಯಲು ಕೋರಿದ್ದರು. 'ಕಾರಾ' ವಯೋಮಿತಿ ಸಡಿಲಿಸಿ ಒಪ್ಪಿದ್ದರೂ ಅಧೀನ ನ್ಯಾಯಾಲಯ ಹಾಗೂ ಹೈಕೋರ್ಟ್ ನಿರಾಕರಿಸಿದವು. ಸುಪ್ರೀಂ ಕೋರ್ಟ್ 2013ರ ಫೆಬ್ರುವರಿಯಲ್ಲಿ ಆ ಆದೇಶಗಳನ್ನು ರದ್ದುಪಡಿಸಿ ದತ್ತಕಕ್ಕೆ ಅನುಮತಿ ನೀಡಿತು.

ಇನ್ನೊಂದು ಪ್ರಕರಣದ ಫಲಿತಾಂಶ ಬೇರೆ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ದಂಪತಿ, ಬಂಧುಗಳ ಮಗು ಅಥವಾ ಮಲಮಗುವಿನ ಸಂದರ್ಭ ಹೊರತುಪಡಿಸಿ, ವಿಶೇಷ ಅಗತ್ಯದ ಅಥವಾ ಪೋಷಕರು ಸುಲಭವಾಗಿ ದೊರೆಯದ ಮಕ್ಕಳನ್ನು ಮಾತ್ರ ದತ್ತು ಪಡೆಯಬೇಕು ಎಂದು 2022ರ ದತ್ತು ನಿಯಮಾವಳಿ ವಿಧಿಸಿತು. ಮೊದಲೇ ಅರ್ಜಿ ಹಾಕಿದ್ದ ದಂಪತಿಗಳು ಇದನ್ನು ಪ್ರಶ್ನಿಸಿದರು. ದತ್ತು ಪಡೆಯುವುದು ಮೂಲಭೂತ ಹಕ್ಕಲ್ಲ, ಇಂಥದೇ ಮಗು ಬೇಕೆಂದು ಕೇಳುವ ಹಕ್ಕೂ ಪೋಷಕರಿಗಿಲ್ಲ ಎಂದ ದೆಹಲಿ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ ನಿಯಮವನ್ನು ಎತ್ತಿಹಿಡಿಯಿತು.

ಯಾರ ಹಕ್ಕು?

ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಮಗು ಪಡೆಯುವುದು ಪೋಷಕರ ಹಕ್ಕೆಂಬ ವಾದಕ್ಕೆ ಮನ್ನಣೆ ದೊರೆಯಲಿಲ್ಲ. ನಿರ್ದಿಷ್ಟ ಮಗುವೊಂದಕ್ಕೆ ಮನೆ ಸಿಗುವ ಪ್ರಶ್ನೆ ಎದುರಾದಾಗ ವಯೋಮಿತಿ ಅಡ್ಡಿಯಾಗಲಿಲ್ಲ. ಮಕ್ಕಳ ಮಾರಾಟ ತಡೆಯಲು ಕಟ್ಟುನಿಟ್ಟಿನ ಪರಿಶೀಲನೆ ಅನಿವಾರ್ಯ. ಆದರೆ ಶಸ್ತ್ರಚಿಕಿತ್ಸೆಗೆ ಅಥವಾ ವಾಕ್ ತರಬೇತಿಗೆ ಕಾಯುತ್ತಿರುವ ಮಗುವಿಗೆ, ಕಡತ ಮೇಜಿನ ಮೇಲೆ ಕುಳಿತ ಪ್ರತಿ ತಿಂಗಳೂ ಚಿಕಿತ್ಸೆಯಿಂದ ಕಳೆದುಹೋದ ತಿಂಗಳು. ಗಡುವುಗಳನ್ನು ಕಾಯ್ದೆ ಬರೆದಿರುವುದು ಆ ಮಗುವಿಗಾಗಿ. ಅವನ್ನು ಪಾಲಿಸುವ ಹೊಣೆ ಜಿಲ್ಲೆಯ ಕಚೇರಿಗಳದು.